ಕಾಲುಹಾದಿಯ ಹಕ್ಕು, ಓಣಿದಾರಿಯ ಪಾಡು

ಗ್ಲಾಸ್ಟರ್‌ಶೈರಿನ ಬೈಬರಿಯಲ್ಲಿ ಆರ್ಲಿಂಗ್ಟನ್ ರೋ ಎಂಬ ಮನೆಸಾಲಿದೆ. 1380ರ ಸುಮಾರಿಗೆ ಉಣ್ಣೆ ದಾಸ್ತಾನಿಗೆಂದು ಎದ್ದ ಕಟ್ಟಡ 17ನೇ ಶತಮಾನದಲ್ಲಿ ನೇಕಾರರ ಮನೆಗಳಾಯಿತು. ಜೇನುಬಣ್ಣದ ಕಲ್ಲು, ಕಡಿದಾದ ಮಾಡು, ಎದುರಿಗೆ ಕೋಲ್ನ್ ಹೊಳೆ. ಬೇಸಿಗೆಯಲ್ಲಿ ಇಲ್ಲಿಗೆ ಬಸ್ಸುಗಟ್ಟಲೆ ಜನ ಬಂದಿಳಿಯುತ್ತಾರೆ, ಫೋಟೊ ತೆಗೆಯುತ್ತಾರೆ, ಮುಂದಿನ ಊರಿಗೆ ಹೊರಟುಬಿಡುತ್ತಾರೆ. ಅದೇ ಊರಿನಿಂದ ಹೊಳೆಯ ಜಾಡು ಹಿಡಿದು ಕೋಲ್ನ್ ಸೇಂಟ್ ಆಲ್ಡ್‌ವಿನ್ಸ್ ಕಡೆಗೆ ಕಾಲುಹಾದಿಯೊಂದು ಹೋಗುತ್ತದೆ. ಅದರಲ್ಲಿ ಸ್ವಲ್ಪ ದೂರ ನಡೆದರೆ ಸಾಕು, ಗದ್ದಲ ಹಿಂದೆ ಉಳಿಯುತ್ತದೆ. ಕುರಿ ಮೇಯುವ ಗಾವಲು, ಮರದ ಗೇಟು, ನೀರಿನ ಸದ್ದು. ಬಸ್ಸಿನವರು ನೋಡಿದ್ದು ಚಿತ್ರ. ಊರು ಶುರುವಾಗುವುದು ಇಲ್ಲಿಂದ.

ಇಂಗ್ಲೆಂಡಿನ ಹಳ್ಳಿಗಾಡನ್ನು ನಡೆದೋ ಸೈಕಲ್ ಹತ್ತಿಯೋ ನೋಡಬೇಕೆಂದು ಅಲ್ಲಿನ ಬರಹಗಾರರು ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ಆದರೆ ಯಾವ ದಾರಿಯಲ್ಲಿ ನಡೆಯಬಹುದು, ಎಲ್ಲಿ ಸೈಕಲ್ ತುಳಿಯಬಹುದು, ಆ ದಾರಿಗಳು ಇಂದು ಯಾವ ಸ್ಥಿತಿಯಲ್ಲಿವೆ, ಯಾರಿಗೆ ದಕ್ಕುತ್ತವೆ ಎಂಬ ಪ್ರಶ್ನೆಗಳು ಪ್ರವಾಸಿ ಬರಹಗಳಲ್ಲಿ ಅಷ್ಟಾಗಿ ಬರುವುದಿಲ್ಲ. ನನ್ನ ಮಟ್ಟಿಗೆ ಆ ನಾಡಿನ ಅತಿ ದೊಡ್ಡ ಸೊತ್ತು ಅಲ್ಲಿನ ಹೊಲ, ಅಂಗಳ, ಚರ್ಚಿನ ಆವರಣಗಳ ನಡುವೆ ಯಾರು ಬೇಕಾದರೂ ನಡೆದುಹೋಗಬಲ್ಲ ಹಕ್ಕು. ನಡೆಯುವವರಿಗೆ ಆ ಹಕ್ಕು ಹೇರಳವಾಗಿದೆ, ಸೈಕಲ್ಲಿನವರಿಗೆ ಅದರ ಸಣ್ಣ ಪಾಲು. ಇಬ್ಬರೂ ಹಂಚಿಕೊಳ್ಳಬೇಕಾದ ಓಣಿದಾರಿಯನ್ನು ಮಾತ್ರ ಕಾರು ಕಿತ್ತುಕೊಂಡಿದೆ.

ಮೊದಲು ಹಕ್ಕಿನ ಮಾತು. ಇಂಗ್ಲೆಂಡಿನಲ್ಲಿ ಕಾನೂನಿನ ರಕ್ಷಣೆ ಇರುವ ಸಾರ್ವಜನಿಕ ಹಾದಿಗಳ ಒಟ್ಟು ಉದ್ದ ಸುಮಾರು 1,88,000 ಕಿಲೋಮೀಟರ್. ಅದರಲ್ಲಿ ಸುಮಾರು 1,46,000 ಕಿ.ಮೀ. ನಡೆಯುವವರಿಗೆ ಮಾತ್ರ, ಸುಮಾರು 32,000 ಕಿ.ಮೀ. ಕುದುರೆದಾರಿ. ಉಳಿದದ್ದು ಗಾಡಿಜಾಡುಗಳು. ಇವುಗಳಲ್ಲಿ ಬಹುಪಾಲು ಸರ್ಕಾರಿ ಜಾಗದಲ್ಲಿಲ್ಲ, ಖಾಸಗಿ ಜಮೀನಿನ ಮೇಲೇ ಹಾಯುತ್ತವೆ. ಹೊಲ ರೈತನದು, ಹೊಲದ ನಡುವಿನ ಹಾದಿಯಲ್ಲಿ ಹೋಗುವ ಹಕ್ಕು ಸಾರ್ವಜನಿಕರದು. ಕಾಲುಹಾದಿಗೆ ಹಳದಿ ಬಾಣ, ಕುದುರೆದಾರಿಗೆ ನೀಲಿ ಬಾಣ. ಬೇಲಿಯ ಕಂಬಗಳ ಮೇಲೆ ಈ ಬಾಣದ ಗುರುತು ಹಿಡಿದು ದಿನವಿಡೀ ಯಾರನ್ನೂ ಕೇಳದೆ ನಡೆಯಬಹುದು.

ಹೊಲದ ಅಡ್ಡಕ್ಕೆ ಹೋಗುವ ಹಾದಿಯನ್ನು ರೈತ ಉತ್ತರೆ ಮೊದಲ ಸಲ 14 ದಿನದೊಳಗೆ, ಆಮೇಲಿನ ಸಲ 24 ಗಂಟೆಯೊಳಗೆ ಮತ್ತೆ ನಡೆಯುವಂತೆ ಸಮ ಮಾಡಿಕೊಡಬೇಕು; ಕಾಲುಹಾದಿಗೆ ಕನಿಷ್ಠ 1 ಮೀಟರ್ ಅಗಲ ಬಿಡಬೇಕು. ಹಾದಿ ಹಾಯುವ ಗಾವಲಿನಲ್ಲಿ ಹಾಲಿನ ತಳಿಗಳ, 10 ತಿಂಗಳು ದಾಟಿದ ಹೋರಿಯನ್ನು ಬಿಡುವಂತಿಲ್ಲ. ಇಷ್ಟು ಸೂಕ್ಷ್ಮಕ್ಕೆ ಇಳಿದ ಕಾನೂನು ಒಂದೇ ದಿನದಲ್ಲಿ ಬಂದದ್ದಲ್ಲ. ಈ ಹಾದಿಗಳು ಮೂಲದಲ್ಲಿ ಕೆಲಸದ ಹಾದಿಗಳು. ಆಳು ಹೊಲಕ್ಕೆ, ಹೆಂಗಸರು ಗಿರಣಿಗೆ, ಮಕ್ಕಳು ಶಾಲೆಗೆ, ಇಡೀ ಊರು ಭಾನುವಾರ ಚರ್ಚಿಗೆ ನಡೆದ ಜಾಡುಗಳು. ಲೇಕ್ ಡಿಸ್ಟ್ರಿಕ್ಟಿನ ಗ್ರಾಸ್‌ಮಿಯರ್ ಮತ್ತು ರೈಡಲ್ ನಡುವೆ ಹೆಣ ಹೊತ್ತು ಸಾಗಿದ ಹಾದಿ ಇಂದಿಗೂ ಇದೆ. ಹೆಣ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದ ಚಪ್ಪಟೆ ಕಲ್ಲಿನ ಬಳಿ ಈಗ ಪ್ರವಾಸಿಗಳು ಕೂರುತ್ತಾರೆ.

ಜನ ಹೀಗೆ ನಡೆದದ್ದೇ ಹಕ್ಕಿನ ಬುಡ. ಅಡ್ಡಿಯಿಲ್ಲದೆ, ಯಾರ ಅನುಮತಿಯನ್ನೂ ಬೇಡದೆ ಜನ 20 ವರ್ಷ ಬಹಿರಂಗವಾಗಿ ನಡೆದ ಜಾಡನ್ನು ಮಾಲೀಕ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿದ್ದಾನೆಂದು ಭಾವಿಸಬೇಕೆಂಬುದು 1932ರ ಕಾಯ್ದೆಯಿಂದ ಬಂದ ತತ್ವ. ಅದು ಈಗ 1980ರ ಹೆದ್ದಾರಿ ಕಾಯ್ದೆಯಲ್ಲಿದೆ. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯ್ದೆ ಬಂದಾಗ ಪ್ರತಿ ಕೌಂಟಿಯೂ ತನ್ನ ಹಾದಿಗಳ ಅಧಿಕೃತ ನಕ್ಷೆ ಮಾಡಬೇಕೆಂದು ವಿಧಿಸಲಾಯಿತು. ಮೊದಲ ಸಮೀಕ್ಷೆಯ ಕೆಲಸ ಬಹುಮಟ್ಟಿಗೆ ಹಳ್ಳಿಯ ಪ್ಯಾರಿಷ್ ಕೌನ್ಸಿಲ್‌ಗಳ ಮೇಲೆ ಬಿತ್ತು. ಕೆಲವು ಊರಿನವರು ಒಂದೂ ಬಿಡದೆ ಬರೆದುಕೊಟ್ಟರು, ಕೆಲವರು ಉದಾಸೀನ ಮಾಡಿದರು, ಇನ್ನು ಕೆಲವೆಡೆ ಕೌನ್ಸಿಲ್‌ನಲ್ಲಿ ಕೂತವರೇ ಜಮೀನ್ದಾರರು. ಅದರ ಫಲ ಇಂದಿಗೂ ನಕ್ಷೆಯ ಮೇಲೆ ಕಾಣುತ್ತದೆ. ಒಂದು ಊರಿನ ಕುದುರೆದಾರಿ ಪಕ್ಕದ ಊರಿನ ಗಡಿ ಮುಟ್ಟಿದ ಕೂಡಲೇ ಕಾಲುಹಾದಿಯಾಗಿಬಿಡುತ್ತದೆ, ಅಥವಾ ಹಾದಿಯೇ ಹೊಲದ ನಡುವೆ ನಿಂತುಹೋಗುತ್ತದೆ. ನೆಲದ ಮೇಲೆ ಜಾಡು ಒಂದೇ. ಕುದುರೆದಾರಿಯಲ್ಲಷ್ಟೇ ಹಕ್ಕಿರುವ ಸೈಕಲ್ಲಿನವನು ಮಾತ್ರ ಗಡಿಯಲ್ಲಿ ಇಳಿಯಬೇಕು.

ಬಿಟ್ಟುಹೋದ ಹಾದಿಗಳ ಲೆಕ್ಕ ಸಣ್ಣದಲ್ಲ. 2020ರಲ್ಲಿ ರ‍್ಯಾಂಬ್ಲರ್ಸ್ ಎಂಬ ನಡಿಗೆದಾರರ ಸಂಸ್ಥೆ ಸಾವಿರಾರು ಸ್ವಯಂಸೇವಕರನ್ನು ಕೂರಿಸಿ ಹಳೆಯ ನಕ್ಷೆಗಳನ್ನು ಇಂದಿನ ನಕ್ಷೆಗಳ ಜೊತೆ ಹೋಲಿಸಿತು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ದಾಖಲೆಗೆ ಸೇರದ 49,000 ಮೈಲಿಗೂ ಹೆಚ್ಚು ಸಂಭವನೀಯ ಹಾದಿಗಳು ಸಿಕ್ಕವು. 2000ದ ಕಾಯ್ದೆಯೊಂದು ಹಳೆಯ ಹಾದಿಗಳ ನೋಂದಣಿಗೆ 2026ರ ಗಡುವು ಹಾಕಿತ್ತು. ಸರ್ಕಾರ ಅದನ್ನು 2031ಕ್ಕೆ ಮುಂದೂಡಿತು. 2024ರ ಕೊನೆಗೆ ಹೊಸ ಸರ್ಕಾರ ಗಡುವನ್ನೇ ರದ್ದು ಮಾಡುವುದಾಗಿ ಘೋಷಿಸಿತು. ಅದು ಸರಿಯಾದ ನಿರ್ಧಾರ. ತಲೆಮಾರುಗಳು ನಡೆದು ಉಳಿಸಿದ್ದನ್ನು ಕಚೇರಿಯ ದಿನಾಂಕವೊಂದು ಅಳಿಸಬಾರದು.

ಇಷ್ಟು ಹಾದಿಗಳಿದ್ದರೂ ಬೆಟ್ಟಗಳು ಬಹುಕಾಲ ಮುಚ್ಚಿದ್ದವು. ಮ್ಯಾಂಚೆಸ್ಟರ್, ಶೆಫೀಲ್ಡ್‌ಗಳ ಮಿಲ್ಲುಗಳಲ್ಲಿ ದುಡಿಯುವ ಹುಡುಗ ಹುಡುಗಿಯರಿಗೆ ಭಾನುವಾರ ಹೊಗೆಯಿಂದ ಪಾರಾಗಲು ಹತ್ತಿರವಿದ್ದದ್ದು ಪೀಕ್ ಡಿಸ್ಟ್ರಿಕ್ಟ್. ಅಲ್ಲಿನ ಕಿಂಡರ್ ಸ್ಕೌಟ್ ಶ್ರೀಮಂತರು ಗ್ರೌಸ್ ಹಕ್ಕಿ ಹೊಡೆಯುವ ಕಾವಲಾಗಿತ್ತು. 1932ರ ಏಪ್ರಿಲ್ 24ರಂದು ನೂರಾರು ಜನ ಹೇಫೀಲ್ಡ್‌ನಿಂದ ಬೆಟ್ಟ ಹತ್ತಿದರು. ಕಾವಲುಗಾರರ ಜೊತೆ ಕೈಕೈ ಮಿಲಾಯಿಸಿತು. ಐವರು ಜೈಲಿಗೆ ಹೋದರು. ಮುಂದಾಳು ಬೆನ್ನಿ ರಾತ್‌ಮನ್‌ಗೆ ಆಗ ಇಪ್ಪತ್ತು ವರ್ಷ. ರೈಲು ನಿಲ್ದಾಣದಲ್ಲಿ ಪೊಲೀಸರು ಕಾಯುತ್ತಿದ್ದುದರಿಂದ ಆತ ಹೇಫೀಲ್ಡ್‌ಗೆ ಬಂದದ್ದು ಸೈಕಲ್ಲಿನಲ್ಲಿ. ನಡೆಯುವ ಹಕ್ಕಿನ ಚರಿತ್ರೆಯಲ್ಲಿ ಸೈಕಲ್ಲಿಗೂ ಹೀಗೊಂದು ಪಾಲಿದೆ. ಆ ಕಾಲದ ನಡಿಗೆದಾರರ ಒಕ್ಕೂಟಗಳು ಈ ಅತಿಕ್ರಮಣವನ್ನು ಒಪ್ಪಿರಲಿಲ್ಲ, ಇದರಿಂದ ಕೆಲಸ ಕೆಡುತ್ತದೆಂದೇ ವಾದಿಸಿದ್ದವು. ಕಾನೂನು ಬದಲಾದದ್ದರಲ್ಲಿ ಅದರ ಪಾತ್ರವೆಷ್ಟೆಂದು ಚರ್ಚೆ ಇಂದಿಗೂ ಇದೆ. ಕಡೆಗೆ ಗೆಲುವಿಗೆ ಎರಡೂ ಬೇಕಾದವು: ಬೀದಿಗಿಳಿದ ಹುಡುಗರ ಸಿಟ್ಟು, ವರ್ಷಗಟ್ಟಲೆ ಅರ್ಜಿ ಬರೆದವರ ತಾಳ್ಮೆ. ಪೀಕ್ ಡಿಸ್ಟ್ರಿಕ್ಟ್ 1951ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಪತ್ರಕರ್ತ ಟಾಮ್ ಸ್ಟೀಫನ್‌ಸನ್ 1935ರಲ್ಲಿ ಕನಸು ಕಂಡ 268 ಮೈಲಿಯ ಪೆನೈನ್ ವೇ ಮೂವತ್ತು ವರ್ಷಗಳ ಮೇಲೆ, 1965ರಲ್ಲಿ ತೆರೆಯಿತು. ಬೆಟ್ಟ, ಬಯಲು, ಕುರುಚಲು ಕಾವಲುಗಳಲ್ಲಿ ಹಾದಿಬಿಟ್ಟು ಅಲೆಯುವ ಸ್ವಾತಂತ್ರ್ಯ ಸಿಕ್ಕಿದ್ದು 2000ದ ಕಾಯ್ದೆಯಿಂದ. ಅದು ಇಂಗ್ಲೆಂಡಿನ ನೆಲದ ಸುಮಾರು ಶೇಕಡಾ 8ಕ್ಕೆ ಮಾತ್ರ ಅನ್ವಯ. ಗಡಿ ದಾಟಿ ಸ್ಕಾಟ್ಲೆಂಡಿಗೆ ಹೋದರೆ 2003ರ ಕಾಯ್ದೆಯಡಿ ಜವಾಬ್ದಾರಿಯಿಂದ ನಡೆದುಕೊಳ್ಳುವ ಯಾರಿಗೂ, ಸೈಕಲ್ಲಿನವರಿಗೂ, ಬಹುತೇಕ ಎಲ್ಲ ನೆಲವೂ ತೆರೆದಿದೆ. ಒಂದೇ ದ್ವೀಪದಲ್ಲಿ ಇಷ್ಟು ವ್ಯತ್ಯಾಸ ಇರಬೇಕಾದ ಕಾರಣ ನನಗೆ ಕಾಣುವುದಿಲ್ಲ.

ಸೈಕಲ್ಲಿನ ಕಥೆ ಬೇರೆ. 1885ರಲ್ಲಿ ಕವೆಂಟ್ರಿಯ ಸ್ಟಾರ್ಲಿ ಎರಡೂ ಚಕ್ರ ಹೆಚ್ಚುಕಡಿಮೆ ಸಮನಾದ ರೋವರ್ ಸೈಕಲ್ ತಂದ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರ್ ಕೊಟ್ಟ. ರೈಲು ಬಂದಮೇಲೆ ಸಾರೋಟುಗಳು ನಿಂತು ಪಾಳುಬಿದ್ದ ಹಳ್ಳಿರಸ್ತೆಗಳಿಗೆ ಜೀವ ಕೊಟ್ಟವರು ಸೈಕಲ್ಲಿಗರು. ರಸ್ತೆ ಸುಧಾರಣೆಗಾಗಿ ಅವರು ಸಂಘ ಕಟ್ಟಿ ಹೋರಾಡಿದ್ದು 1886ರಲ್ಲಿ. ಕಾರು ಆಗಿನ್ನೂ ಬ್ರಿಟನ್ನಿಗೆ ಬಂದಿರಲಿಲ್ಲ. 1878ರಲ್ಲಿ ಹ್ಯಾರೊಗೇಟ್‌ನಲ್ಲಿ ಹುಟ್ಟಿದ ಪ್ರವಾಸಿ ಸೈಕಲ್ಲಿಗರ ಕ್ಲಬ್ಬು ಒಳ್ಳೆಯ ವಸತಿಗೃಹಗಳ ಗೋಡೆಗೆ ರೆಕ್ಕೆಯ ಚಕ್ರದ ಫಲಕ ಹಾಕಿಸುತ್ತಿತ್ತು, ಅವು ಅಲ್ಲಲ್ಲಿ ಇನ್ನೂ ಉಳಿದಿವೆ. ಸಂಗೀತಕಾರ ಎಲ್ಗರ್ ವುಸ್ಟರ್‌ಶೈರಿನ ಓಣಿಗಳಲ್ಲಿ ಸೈಕಲ್ ತುಳಿಯುತ್ತಿದ್ದ. 1890ರ ದಶಕದ ಕ್ಲೇರಿಯನ್ ಕ್ಲಬ್ಬಿನ ಸಮಾಜವಾದಿ ಯುವಕರು ಸೈಕಲ್ಲಿನಲ್ಲಿ ಹಳ್ಳಿಹಳ್ಳಿಗೆ ಕರಪತ್ರ ಒಯ್ದರು. ನಮ್ಮಲ್ಲಿ ಹಿರಿಯರು ಮನೆಯ ಆಸ್ತಿಯಂತೆ ಒರೆಸಿಡುತ್ತಿದ್ದ ರ‍್ಯಾಲೆ ಸೈಕಲ್ಲಿನ ಕಾರ್ಖಾನೆ ನಾಟಿಂಗ್‌ಹ್ಯಾಮ್‌ನಲ್ಲಿ ಶುರುವಾದದ್ದೂ ಆ ಹೊತ್ತಿನಲ್ಲೇ.

ಇಷ್ಟೆಲ್ಲ ಚರಿತ್ರೆ ಇದ್ದೂ ಹಕ್ಕಿನ ಪಟ್ಟಿಯಲ್ಲಿ ಸೈಕಲ್ಲಿಗೆ ಜಾಗ ಸಿಕ್ಕಿದ್ದು ತಡವಾಗಿ. 1968ರ ಕಾಯ್ದೆ ಕುದುರೆದಾರಿಗಳಲ್ಲಿ ಸೈಕಲ್ ತುಳಿಯಲು ಬಿಟ್ಟಿತು, ನಡೆಯುವವರಿಗೂ ಕುದುರೆಯವರಿಗೂ ದಾರಿ ಬಿಡಬೇಕೆಂಬ ಷರತ್ತಿನ ಮೇಲೆ. ಕಾಲುಹಾದಿಯಲ್ಲಿ ಆ ಹಕ್ಕಿಲ್ಲ. ಒಟ್ಟು ಹಾದಿಗಳಲ್ಲಿ ಸೈಕಲ್ಲಿಗೆ ದಕ್ಕುವುದು ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ವಿಂಚೆಸ್ಟರ್‌ನಿಂದ ಈಸ್ಟ್‌ಬರ್ನ್‌ವರೆಗೆ ಸುಣ್ಣಕಲ್ಲಿನ ಗುಡ್ಡಸಾಲಿನ ನೆತ್ತಿಯ ಮೇಲೆ ಸಾಗುವ 160 ಕಿ.ಮೀ. ಸೌತ್ ಡೌನ್ಸ್ ವೇ ಸೈಕಲ್ಲಿಗರಿಗೂ ತೆರೆದ ಅಪರೂಪದ ಹಾದಿ. ಪುರಾತನ ರಿಜ್‌ವೇಯ ಪಶ್ಚಿಮ ಭಾಗವನ್ನು ಥೇಮ್ಸ್ ನದಿಯವರೆಗೆ ಚಕ್ರದ ಮೇಲೆ ದಾಟಬಹುದು. ನದಿ ದಾಟಿದ ಮೇಲೆ ಹಲವು ಕಡೆ ಅದು ಕಾಲುಹಾದಿ. ಆದ್ದರಿಂದ ಸೈಕಲ್ಲಿಗರಿಗೆ ಉಳಿದಿರುವುದು ಬಹುಪಾಲು ಡಾಂಬರಿನ ಓಣಿದಾರಿಗಳು ಮತ್ತು ಮುಚ್ಚಿದ ರೈಲುಹಳಿಗಳ ಜಾಡು.

ರೈಲುಜಾಡುಗಳು ಒಂದು ನಷ್ಟದ ಮೇಲೆ ಬೆಳೆದ ಲಾಭ. 1963ರ ಬೀಚಿಂಗ್ ವರದಿ ಎರಡು ಸಾವಿರಕ್ಕೂ ಹೆಚ್ಚು ನಿಲ್ದಾಣಗಳನ್ನು ಮುಚ್ಚಲು ಹೇಳಿತು. ಹಳಿ ಕಿತ್ತ ಜಾಗದಲ್ಲಿ ಡರ್ಬಿಶೈರಿನ ಟಿಸಿಂಗ್ಟನ್ ಟ್ರೇಲ್ 1971ರಲ್ಲಿ ತೆರೆಯಿತು. ಬ್ರಿಸ್ಟಲ್ ಮತ್ತು ಬಾತ್ ನಡುವಿನ ಹಳೆಯ ಹಳಿಯನ್ನು 1970ರ ದಶಕದ ಕೊನೆಯಿಂದ ಸ್ವಯಂಸೇವಕರೇ ಸೈಕಲ್ ಹಾದಿಯಾಗಿ ಮಾಡಿದರು. ಆ ಕೆಲಸದಿಂದ ಬೆಳೆದ ಸಸ್ಟ್ರಾನ್ಸ್ ಸಂಸ್ಥೆ ದೇಶವ್ಯಾಪಿ ಸೈಕಲ್ ಜಾಲ ಹೆಣೆಯಿತು. ರೈಲುಹಾದಿಯ ಏರು ಹದವಾದ್ದರಿಂದ ಮಕ್ಕಳೂ ಮುದುಕರೂ ಅಲ್ಲಿ ತುಳಿಯಬಲ್ಲರು. ಆದರೆ ಹಳಿಗಳು ಹಳ್ಳಿಯ ಒಳಗೆ ಹೋಗುವುದಿಲ್ಲ, ಹೊರಗಿನಿಂದ ಹಾದುಹೋಗುತ್ತವೆ. ಊರು ಮುಟ್ಟಲು ಓಣಿಗೆ ಇಳಿಯಲೇಬೇಕು. ಆ ಸಂಸ್ಥೆಯೇ 2020ರಲ್ಲಿ ಸುರಕ್ಷತೆ ಸಾಲದೆಂದು ತನ್ನ ಜಾಲದ ಸುಮಾರು ಕಾಲುಭಾಗವನ್ನು ಪಟ್ಟಿಯಿಂದ ಕೈಬಿಟ್ಟಿತು. ಈ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಅದು ಹೇಳುವ ಸುದ್ದಿ ಮಾತ್ರ ಕೆಟ್ಟದ್ದು.

ಆ ಓಣಿದಾರಿಗಳನ್ನು ಒಮ್ಮೆ ಕಣ್ಣಿಟ್ಟು ನೋಡಬೇಕು. ದಾರಿ ಕಾರಣವಿಲ್ಲದೆ ಸುತ್ತಿ ಬಳಸಿ ಹೋಗುತ್ತಿದ್ದರೆ ಅದು ಹಳೆಯದು. ಯಾರದೋ ಹೊಲದ ಅಂಚನ್ನು ಸಾವಿರ ವರ್ಷಗಳ ಹಿಂದೆ ಬಳಸಿದ ತಿರುವು ಈಗಲೂ ಹಾಗೇ ಇದೆ. ನೇರವಾಗಿ, ಎರಡು ಬದಿಗೂ ಅಗಲ ಹುಲ್ಲಂಚು ಬಿಟ್ಟುಕೊಂಡು ಹೋಗುತ್ತಿದ್ದರೆ ಅದು 18, 19ನೇ ಶತಮಾನದಲ್ಲಿ ಊರೊಟ್ಟಿನ ಬಯಲುಗಳನ್ನು ಸಂಸತ್ತಿನ ಕಾಯ್ದೆಗಳಿಂದ ತುಂಡರಿಸಿ ಬೇಲಿ ಹಾಕಿದಾಗ ಸರ್ವೆಯವರು ಗೀಟೆಳೆದು ಮಾಡಿದ ರಸ್ತೆ. ಆ ಕಾಯ್ದೆಗಳು ಐದು ಸಾವಿರಕ್ಕೂ ಹೆಚ್ಚು. ಬಡವರ ಹಸು ಮೇಯುವ ಜಾಗ ಹೋದದ್ದು ಆಗಲೇ. ನೇರ ರಸ್ತೆಯ ಅಂದದ ಕೆಳಗೆ ಆ ನೋವಿದೆ. ಡಾರ್ಸೆಟ್‌ನ ಸಿಮಂಡ್ಸ್‌ಬರಿ ಬಳಿ ಹೆಲ್ ಲೇನ್ ಎಂಬ ಜಾಡು ಮನುಷ್ಯರ ಕಾಲು, ಗಾಡಿಚಕ್ರ, ಮಳೆನೀರು ಮೂರೂ ಸೇರಿ ಮೆದುಕಲ್ಲನ್ನು ಸವೆಸಿ ಆಳಕ್ಕೆ ಇಳಿದಿದೆ. ಎರಡೂ ಬದಿಗೆ ಆಳೆತ್ತರ ಮೀರಿದ ಗೋಡೆ, ಮೇಲೆ ಬೇರು ಬಿಟ್ಟ ಮರಗಳು. ಬೇಲಿಗಳೂ ಚರಿತ್ರೆಯ ಪುಟಗಳೇ. ಮ್ಯಾಕ್ಸ್ ಹೂಪರ್ ಎಂಬ ವಿಜ್ಞಾನಿ 30 ಗಜದ ಬೇಲಿಯಲ್ಲಿ ಎಷ್ಟು ಜಾತಿಯ ಮರಗಿಡಗಳಿವೆಯೋ ಬೇಲಿಗೆ ಸುಮಾರು ಅಷ್ಟು ನೂರು ವರ್ಷ ಎಂದು ಲೆಕ್ಕ ಹೇಳಿದ. ಎಲ್ಲ ಕಡೆಗೂ ಒಪ್ಪುವ ನಿಯಮವಲ್ಲವಾದರೂ, ನಡೆಯುವವರು ನಿಂತು ಎಣಿಸುವಂತೆ ಮಾಡಿದ್ದು ಅದರ ಗುಣ. ಮೇ ತಿಂಗಳಲ್ಲಿ ಹಾಥಾರ್ನ್ ಬೆಳ್ಳಗೆ ಅರಳುತ್ತದೆ, ಸೆಪ್ಟೆಂಬರಿನಲ್ಲಿ ಕರಿಮುಳ್ಳುಹಣ್ಣು ಮಾಗುತ್ತದೆ. ಮಹಾಯುದ್ಧದ ನಂತರ ದೊಡ್ಡ ಯಂತ್ರಗಳಿಗೆ ದೊಡ್ಡ ಹೊಲ ಬೇಕೆಂದು ಸರ್ಕಾರವೇ ಹಣ ಕೊಟ್ಟು ಬೇಲಿಗಳನ್ನು ಕೀಳಿಸಿತು. ಅವುಗಳಿಗೆ ಕಾನೂನಿನ ರಕ್ಷಣೆ ಬಂದದ್ದು 1997ರಲ್ಲಿ.

ಇಂಥ ದಾರಿಯಲ್ಲಿ, ಎರಡು ಗಾಡಿ ಎದುರುಬದುರು ಹೋಗಲಾಗದ ಅಗಲದಲ್ಲಿ, ತಿರುವಿನಾಚೆ ಏನಿದೆಯೆಂದು ಕಾಣದ ಬೇಲಿಗಳ ನಡುವೆ, ಬಹಳಷ್ಟು ಕಡೆ ಕಾರಿಗಿರುವ ಕಾನೂನಿನ ವೇಗಮಿತಿ ಗಂಟೆಗೆ 60 ಮೈಲಿ, ಅಂದರೆ ಸುಮಾರು 97 ಕಿ.ಮೀ. ಪಾದಚಾರಿ ಪಟ್ಟಿಯಿಲ್ಲ. ಪಕ್ಕಕ್ಕೆ ಹಾರಲು ಜಾಗವಿಲ್ಲ. ಬ್ರಿಟನ್ನಿನಲ್ಲಿ ರಸ್ತೆ ಅಪಘಾತದ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗ್ರಾಮಾಂತರ ರಸ್ತೆಗಳಲ್ಲೇ ಆಗುತ್ತವೆ. ಮುಖ್ಯರಸ್ತೆಯ ದಟ್ಟಣೆ ತಪ್ಪಿಸಲು ಫೋನಿನ ನಕ್ಷೆ ಹಿಡಿದು ಓಣಿಗೆ ನುಗ್ಗುವವರಿಂದ ಪಾಡು ಇನ್ನೂ ಕೆಟ್ಟಿದೆ. 2000ದ ಸಾರಿಗೆ ಕಾಯ್ದೆ ಕೆಲವು ದಾರಿಗಳನ್ನು ಶಾಂತ ಓಣಿಗಳೆಂದು ಘೋಷಿಸಲು ಅವಕಾಶ ಕೊಟ್ಟಿತು. ಫಲಕವಷ್ಟೇ ಬಂತು, ಬಹುತೇಕ ಕಡೆ ವೇಗ ಇಳಿಯಲಿಲ್ಲ. 2022ರ ಹೆದ್ದಾರಿ ಸಂಹಿತೆ ದುರ್ಬಲರ ಹೊಣೆ ಬಲಶಾಲಿಗಳ ಮೇಲೆ ಎಂದಿತು. ಸೈಕಲ್ಲನ್ನು ಹಿಂದಿಕ್ಕುವಾಗ ಕನಿಷ್ಠ 1.5 ಮೀಟರ್ ಅಂತರ ಬಿಡಬೇಕೆಂದಿತು. ಸ್ವಾಗತಾರ್ಹ. ಆದರೆ ಓಣಿಯ ಅಗಲವೇ ಮೂರು ಮೀಟರ್ ಇದ್ದಾಗ ಆ ಅಂತರ ಬರುವುದು ಎಲ್ಲಿಂದ? ವೇಗ ಇಳಿಸದೆ ಬೇರೆ ದಾರಿಯಿಲ್ಲ.

ಕಾರನ್ನು ಬೈದು ಮುಗಿಸುವುದೂ ಅನ್ಯಾಯ. ಹಳ್ಳಿಯವರಿಗೆ ಕಾರು ಬಿಟ್ಟರೆ ಏನಿದೆ? ರೈಲು ಹೋಯಿತು. ಭಾನುವಾರ ಬಸ್ಸಿಲ್ಲ, ಎಷ್ಟೋ ಊರಿಗೆ ವಾರದ ದಿನವೂ ಒಂದೆರಡೇ. ಅಂಗಡಿ, ಅಂಚೆಕಚೇರಿ, ಶಾಲೆ ಒಂದೊಂದಾಗಿ ಮುಚ್ಚಿದಾಗ ಹಾಲಿಗೂ ಕಾರಿನಲ್ಲೇ ಹೋಗಬೇಕು. ಚೆಂದದ ಊರುಗಳಲ್ಲಿ ಪಟ್ಟಣದ ಶ್ರೀಮಂತರು ಎರಡನೇ ಮನೆ ಕೊಳ್ಳುತ್ತಾರೆ. ಕಾರ್ನ್‌ವಾಲ್‌ನ ಕೆಲವು ಮೀನುಗಾರ ಹಳ್ಳಿಗಳಲ್ಲಿ ಚಳಿಗಾಲದ ಸಂಜೆ ಸಾಲುಮನೆಗಳು ಕತ್ತಲಾಗಿರುತ್ತವೆ. 2025ರಿಂದ ಇಂಥ ಮನೆಗಳಿಗೆ ದುಪ್ಪಟ್ಟು ತೆರಿಗೆ ಹಾಕುವ ಅಧಿಕಾರ ಸ್ಥಳೀಯ ಸಂಸ್ಥೆಗಳಿಗೆ ಬಂದಿದೆ. ನಡೆದು ಬರುವವರಿಂದ ಹಳ್ಳಿಗೆ ಏನು ಸಿಗುತ್ತದೆ ಎಂಬುದಕ್ಕೆ 2001 ಸಾಕ್ಷಿ. ಕಾಲುಬಾಯಿ ರೋಗ ಹರಡಿ ಹಾದಿಗಳನ್ನೆಲ್ಲ ಮುಚ್ಚಿದಾಗ ರೈತರ ಜೊತೆಗೆ ಹಳ್ಳಿಯ ಪಬ್ಬು, ಟೀ ಅಂಗಡಿ, ವಸತಿಗೃಹಗಳೂ ನೆಲಕಚ್ಚಿದವು.

ಹಾಗಾದರೆ ಎಲ್ಲಿಗೆ ಹೋಗಬೇಕು? ಸೈಕಲ್ಲಿಗೆ ನನ್ನ ಮೊದಲ ಆಯ್ಕೆ ಹೆರೆಫರ್ಡ್‌ಶೈರಿನ ಪೆಂಬ್ರಿಜ್, ವೆಬ್ಲಿ, ಈರ್ಡಿಸ್‌ಲ್ಯಾಂಡ್ ಊರುಗಳ ಸುತ್ತು. ಕಪ್ಪು ಮರದ ಚೌಕಟ್ಟು, ಬಿಳಿ ಗೋಡೆಯ ಮನೆಗಳು, ಸೇಬಿನ ತೋಟಗಳು. ಕಾಟ್ಸ್‌ವೊಲ್ಡ್ಸ್‌ನ ದಟ್ಟಣೆ ಇಲ್ಲಿಲ್ಲ. ಸಫೋಕ್‌ನ ಕರ್ಸಿಯಲ್ಲಿ ಊರಬೀದಿಯೇ ತೊರೆಯೊಳಗೆ ಇಳಿದು ಎದ್ದುಹೋಗುತ್ತದೆ. ನಡಿಗೆಗೆ ಯಾರ್ಕ್‌ಶೈರಿನ ಸ್ವೇಲ್‌ಡೇಲ್. ಅಲ್ಲಿ ಮ್ಯೂಕರ್ ಹಳ್ಳಿಯ ಹೂವು ತುಂಬಿದ ಹುಲ್ಲುಗಾವಲುಗಳ ನಡುವೆ ಕಲ್ಲುಚಪ್ಪಡಿ ಹಾಸಿದ ಹಾದಿಯಿದೆ; ಆ ಹುಲ್ಲು ಚಳಿಗಾಲದ ಮೇವಾದ್ದರಿಂದ ಒಬ್ಬರ ಹಿಂದೊಬ್ಬರು ಸಾಲಾಗಿ ಹೋಗಬೇಕು. ಊರಿನ ಕಲ್ಲು ಬದಲಾದಂತೆ ನೆಲ ಬದಲಾದದ್ದು ತಿಳಿಯುವುದು ಕಾಲ್ನಡಿಗೆಯವರಿಗೆ, ಸೈಕಲ್ಲಿನವರಿಗೆ: ಕಾಟ್ಸ್‌ವೊಲ್ಡ್ಸ್‌ನಲ್ಲಿ ಸುಣ್ಣಕಲ್ಲು, ನಾರ್ಫೋಕ್‌ನಲ್ಲಿ ಚಕಮಕಿ ಕಲ್ಲು, ಡೆವನ್‌ನಲ್ಲಿ ಮಣ್ಣುಗೋಡೆ. ಕಟ್ಟುವವರು ಕಾಲಕೆಳಗಿನದನ್ನೇ ಎತ್ತಿ ಕಟ್ಟಿದ ಊರುಗಳಿವು.

ಈ ನಾಡು ಎಲ್ಲರಿಗೂ ಸಮನಾಗಿ ತೆರೆದಿದೆಯೇ? ಕಾಗದದ ಮೇಲೆ ಹೌದು. ಆದರೆ ಗಯಾನಾದಲ್ಲಿ ಹುಟ್ಟಿದ ಛಾಯಾಗ್ರಾಹಕಿ ಇಂಗ್ರಿಡ್ ಪೊಲ್ಲಾರ್ಡ್ 1980ರ ದಶಕದಲ್ಲಿ ಲೇಕ್ ಡಿಸ್ಟ್ರಿಕ್ಟಿನ ಬೇಲಿಗಳ ಪಕ್ಕ ಕರಿಯ ಮನುಷ್ಯರನ್ನು ನಿಲ್ಲಿಸಿ ತೆಗೆದ ಚಿತ್ರಗಳು ಅವರ ಅಳುಕನ್ನು ಬಯಲಿಗಿಟ್ಟವು. ಸರ್ಕಾರ ನೇಮಿಸಿದ ಗ್ಲೋವರ್ ಸಮಿತಿಯೂ 2019ರಲ್ಲಿ ಹಲವು ಸಮುದಾಯಗಳಿಗೆ ರಾಷ್ಟ್ರೀಯ ಉದ್ಯಾನಗಳು ತಮ್ಮವೆನಿಸುತ್ತಿಲ್ಲವೆಂದು ಒಪ್ಪಿಕೊಂಡಿತು. ಭಾರತೀಯರಾದ ನಮಗೆ ಅಲ್ಲಿ ಅಳುಕಬೇಕಾದ ಕಾರಣವೇ ಇಲ್ಲ. ಆ ಹಳ್ಳಿಗಾಡಿನಲ್ಲಿ ನಮ್ಮ ನೆಲದ ಗುರುತುಗಳಿವೆ. ಗ್ಲಾಸ್ಟರ್‌ಶೈರಿನ ಬೋರ್ಟನ್-ಆನ್-ದ-ಹಿಲ್‌ನಿಂದ ಲಾಂಗ್‌ಬರೊಗೆ ಹೋಗುವ ಕಾಲುಹಾದಿಯಲ್ಲಿ ಓಕ್ ಮರಗಳ ನಡುವೆ ಮೊಗಲ್ ಶೈಲಿಯ ಗುಮ್ಮಟವೊಂದು ಕಾಣುತ್ತದೆ: ಈಸ್ಟ್ ಇಂಡಿಯಾ ಕಂಪನಿಯಲ್ಲಿ ದುಡ್ಡು ಮಾಡಿದ ಚಾರ್ಲ್ಸ್ ಕಾಕರೆಲ್ 1805ರ ಸುಮಾರಿಗೆ ಕಟ್ಟಿಸಿದ ಸೆಜಿನ್‌ಕೋಟ್ ಬಂಗಲೆ. ಆಕ್ಸ್‌ಫರ್ಡ್‌ಶೈರಿನ ಸ್ಟೋಕ್ ರೋ ಹಳ್ಳಿಯಲ್ಲಿ ಇದಕ್ಕೆ ವಿರುದ್ಧವಾದ ಕಥೆ. ಬರಗಾಲದಲ್ಲಿ ಮನೆಯಲ್ಲಿ ಉಳಿದಿದ್ದ ಕೊನೆಯ ನೀರು ಕುಡಿದನೆಂದು ಹುಡುಗನೊಬ್ಬ ಏಟು ತಿಂದ ಸಂಗತಿಯನ್ನು ಇಂಗ್ಲಿಷ್ ಅಧಿಕಾರಿಯಿಂದ ಕೇಳಿದ ಕಾಶಿಯ ಮಹಾರಾಜ ಈಶ್ವರಿಪ್ರಸಾದ ನಾರಾಯಣ ಸಿಂಗ್ ತನ್ನ ಖರ್ಚಿನಲ್ಲಿ ಆ ಊರಿಗೆ ಬಾವಿ ತೋಡಿಸಿದ. 368 ಅಡಿ ಆಳ, ಅಷ್ಟೂ ಕೈಯಲ್ಲೇ ತೋಡಿದ್ದು, 1864ರಲ್ಲಿ ಊರಿಗೆ ಒಪ್ಪಿಸಿದ್ದು. ಗುಮ್ಮಟದ ಕೆಳಗೆ ಆ ಬಾವಿ ಇಂದಿಗೂ ಇದೆ.

ಸ್ಟೋಕ್ ರೋ ಇರುವುದು ಚಿಲ್ಟರ್ನ್ ಗುಡ್ಡಗಳಲ್ಲಿ. ರೆಡಿಂಗ್, ಸ್ಲೌ ಸುತ್ತ ನೆಲೆಸಿದ ಕನ್ನಡ ಕುಟುಂಬಗಳಿಗೆ ಅರ್ಧ ದಿನದಲ್ಲಿ ಹೋಗಿಬರುವ ದೂರ. ಅಂಥವರಿಗೆ, ಅವರನ್ನು ನೋಡಲು ಊರಿನಿಂದ ಹೋಗುವ ತಂದೆತಾಯಂದಿರಿಗೆ ಒಂದು ಮಾತು. ಆರ್ಡ್‌ನೆನ್ಸ್ ಸರ್ವೆ ಎಂಬ ನಕ್ಷೆ ಸಂಸ್ಥೆಯ ಕಿತ್ತಳೆ ಹೊದಿಕೆಯ ಎಕ್ಸ್‌ಪ್ಲೋರರ್ ನಕ್ಷೆ ಕೊಳ್ಳಿ. ಅದರಲ್ಲಿ ಹಸಿರು ಗೀಟುಗಳೆಲ್ಲ ನೀವು ನಡೆಯಬಹುದಾದ ಹಾದಿಗಳು, ಹೊಲಗಳ ಬೇಲಿ ಕೂಡ ಕಾಣುವಷ್ಟು ವಿವರ ಇದೆ. ರೈಲಿನಲ್ಲಿ ಹೋಗಿ ಇಳಿದು ಕಾಲುಹಾದಿ ಹಿಡಿಯಿರಿ; ಓಣಿದಾರಿಯಲ್ಲಿ ನಡೆಯಬೇಕಾದಲ್ಲಿ ಬಲಬದಿಯಲ್ಲಿ, ಎದುರಿನಿಂದ ಬರುವ ಗಾಡಿ ಕಾಣುವಂತೆ ನಡೆಯಿರಿ. ಕರುವಿರುವ ಹಸುಗಳ ನಡುವೆ ಹೋಗಬೇಡಿ, ಸುತ್ತಿ ಹೋಗಿ. ಮುಚ್ಚಿದ ಗೇಟನ್ನು ಮುಚ್ಚಿಯೇ ಮುಂದೆ ಸಾಗಿ. ಹಾದಿಗೆ ಯಾರಾದರೂ ತಂತಿ ಬಿಗಿದಿದ್ದರೆ, ಬೆಳೆ ಹಾಕಿ ಮುಚ್ಚಿದ್ದರೆ ಅಳುಕಿ ವಾಪಸಾಗಬೇಡಿ, ಜಾಗದ ಗುರುತು ಬರೆದುಕೊಂಡು ಕೌಂಟಿ ಕೌನ್ಸಿಲ್‌ಗೆ ತಿಳಿಸಿ. ಹಾದಿಯ ಅಡ್ಡಿ ತೆಗೆಸುವುದು ಅದರ ಶಾಸನಬದ್ಧ ಕರ್ತವ್ಯ, ಮತ್ತು ಆ ದೂರು ಕೊಡಲು ಬ್ರಿಟನ್ನಿನ ಪೌರತ್ವ ಬೇಕಿಲ್ಲ.